ಕರೆದರೆ ಕೂರುವ ಬೆಕ್ಕು

ನಮ್ಮ ಮನೆಯ ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗದ ಹತ್ತಿರ, ಒಂದು ಹಳೆಯ ಮರದ ಕುರ್ಚಿ ಇದೆ. ಅದರಲ್ಲಿ ಯಾರೂ ಕೂತು ಪೇಪರ್ ಓದುವುದಿಲ್ಲ, ಚಾ ಕುಡಿಯುವುದಿಲ್ಲ. ಬಂದ ನೆಂಟರಿಗೂ ನಾವು ಅದನ್ನು ತೋರಿಸುವುದಿಲ್ಲ, ಯಾಕೆಂದರೆ ಅದರ ಒಂದು ಕೈ ಸಡಿಲಾಗಿದೆ. ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟ ನೀರಿನ ಚೆಂಬು. ಈ ಎರಡಕ್ಕೂ ಇರುವುದು ಒಂದೇ ಕೆಲಸ. ಮನೆಯಿಂದ ಹೊರಟವರನ್ನು ಯಾರಾದರೂ ಹಿಂದಿನಿಂದ ಕರೆದರೆ, ಹೊರಟವರು ಒಳಗೆ ಬಂದು ಆ ಕುರ್ಚಿಯಲ್ಲಿ ಒಂದು ಗಳಿಗೆ ಕೂತು, ಎರಡು ಗುಟುಕು ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡಬೇಕು. ಯಾಕೆ ಎಂದು ಕೇಳಬೇಡಿ. ನಮ್ಮ ಕುಂದಾಪುರದ ಕಡೆಯ ಮನೆಗಳಲ್ಲಿ ಇದನ್ನು ಯಾರೂ ಕೇಳಿದ್ದಿಲ್ಲ, ಆದ್ದರಿಂದ ಯಾರಿಗೂ ಗೊತ್ತಿಲ್ಲ.

ಮೊನ್ನೆ ಬ್ರಹ್ಮಾವರಕ್ಕೆ ಹೊರಟಿದ್ದೆ. ಗೇಟಿನ ಚಿಲಕಕ್ಕೆ ಕೈ ಹಾಕಿದ್ದೇ ತಡ, ಒಳಗಿನಿಂದ ನನ್ನ ಯಜಮಾನರ ದನಿ ಬಂತು. "ಹ್ವಾಯ್, ಕನ್ನಡ್ಕ ಇಲ್ಲೇ ಇತ್ತಲ್ದಾ." ನಾನು ತಿರುಗಿ ಬಂದೆ, ಕನ್ನಡಕ ತೆಗೆದುಕೊಂಡೆ, ಹೊರಟೆ. ಅವರು ಆಗಲೇ ಚೆಂಬಿನ ಮುಚ್ಚಳ ತೆಗೆದಿದ್ದರು.

"ಕೂಕಣ್ದೆ ಹೋತ್ಯಾ?" ಎಂದರು.

"ಹೋತೆ. ಸಂಜಿಗೆ ಬತ್ತೆ."

ಚೆಂಬು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು ಪಾಪ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಹೀಗೆ ಒಂದು ದಿನ ಏಕಾಏಕಿ ಧೈರ್ಯವಂತೆ ಆದರೆ ಯಾರಿಗಾದರೂ ಗಾಬರಿಯಾಗುತ್ತದೆ. ನಾನು ಧೈರ್ಯವಂತೆಯೇನೂ ಅಲ್ಲ. ಕೂರದೆ ಹೋಗುವುದನ್ನು ನನಗೆ ಕಲಿಸಿದ್ದು ಐದನೇ ಕ್ಲಾಸಿನ ಒಂದು ಹುಡುಗಿ. ಸರಿಯಾಗಿ ಹೇಳಬೇಕೆಂದರೆ, ನಾವಿಬ್ಬರೂ ಒಟ್ಟಿಗೆ ಕಲಿತೆವು. ಆ ಕಥೆ ಹೇಳುವುದಕ್ಕೆ ಮೊದಲು ನನ್ನ ಅಪ್ಪಯ್ಯನ ಬಗ್ಗೆ ಎರಡು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ನಾನು ಹುಟ್ಟಿ ಬೆಳೆದದ್ದು ಕಿರಿಮಂಜೇಶ್ವರದಲ್ಲಿ. ಅಪ್ಪಯ್ಯ ಬೈಂದೂರಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದುಕೊಡುವ ಕೆಲಸದಲ್ಲಿದ್ದರು. ಬೆಳಿಗ್ಗೆ ಹೆದ್ದಾರಿಗೆ ಹೋಗಿ ಬಸ್ಸು ಹತ್ತಬೇಕು. ಅಮ್ಮನದ್ದು ಒಂದು ವಿಶೇಷ ಗುಣ. ಅಪ್ಪಯ್ಯ ಒಳಗೆ ಇರುವ ತನಕ ಅವಳಿಗೆ ಯಾವುದೂ ನೆನಪಾಗುತ್ತಿರಲಿಲ್ಲ. ಅವರು ಅಂಗಳ ದಾಟಿದ ಕೂಡಲೇ ಎಲ್ಲ ನೆನಪಾಗುತ್ತಿತ್ತು. "ಹ್ವಾಯ್, ಮೆಣ್ಸ್ ಮುಗ್ದಿತ್ತ್." ಅಪ್ಪಯ್ಯ ವಾಪಸು ಬಂದು, ಜಗಲಿಯಲ್ಲಿ ಕೂತು, ನೀರು ಕುಡಿದು, ಪುನಃ ಹೊರಡುವರು. ಬಾವಿಯ ಹತ್ತಿರ ಮುಟ್ಟುವಾಗ, "ಹ್ವಾಯ್, ಬಪ್ಪತಿಗೆ ಒಂದ್ ಸೋಪ್ ತನ್ನಿ." ಪುನಃ ವಾಪಸು, ಪುನಃ ಜಗಲಿ, ಪುನಃ ನೀರು. ಒಂದು ದಿನವೂ ಅವರು ಸಿಟ್ಟು ಮಾಡಿದ್ದನ್ನು ನಾನು ಕಾಣಲಿಲ್ಲ. ಬಸ್ಸಿನ ಕಂಡಕ್ಟರನಿಗೂ ವಿಷಯ ಗೊತ್ತಿತ್ತು. ನಮ್ಮ ಓಣಿಯ ಬಾಯಲ್ಲಿ ಅಪ್ಪಯ್ಯ ಕಾಣದಿದ್ದರೆ ಡ್ರೈವರನಿಗೆ ಹೇಳುತ್ತಿದ್ದನಂತೆ, "ತಡಿ ಮಾರಾಯಾ, ಅವ್ರದ್ದ್ ನೀರ್ ಕುಡ್ದ್ ಆಯ್ಲಿಲ್ಲೆ ಕಾಣ್ತ್." ಒಂದು ಬಸ್ಸು ಜನ ನಮ್ಮ ಮನೆಯ ಚೆಂಬಿಗಾಗಿ ಕಾಯುತ್ತಿದ್ದರು.

ಇಂಥ ಮನೆಯಿಂದ ಬಂದವಳು ಮಕ್ಕಳಿಗೆ ಕಂಪ್ಯೂಟರ್ ಪ್ರೋಗ್ರಾಮ್ ಬರೆಯಲು ಕಲಿಸಬೇಕಾಗಿ ಬಂದದ್ದು ನೋಡಿ. ನಮ್ಮದು ಕೊಕ್ಕರ್ಣೆಯ ಕಡೆ ಒಂದು ಸರಕಾರಿ ಪ್ರಾಥಮಿಕ ಶಾಲೆ. ನಾನು ಅಲ್ಲಿ ಕನ್ನಡ ಟೀಚರು. ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ತಾವು ಉಪಯೋಗಿಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಶಾಲೆಗೆ ಕೊಟ್ಟರು. ಇದನ್ನು ಕಲಿಸಬಲ್ಲ ಒಬ್ಬರೇ ಒಬ್ಬ ಟೀಚರು ಹೆರಿಗೆ ರಜೆಯಲ್ಲಿದ್ದರು. ನಮ್ಮ ಹೆಡ್ ಮಾಸ್ಟರು ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಉಳಿದವರೆಲ್ಲ ಕಿಟಕಿಯ ಹೊರಗೆ ನೋಡಿದರು. ನನಗೆ ಅಷ್ಟು ಚುರುಕು ಸಾಲದು, ಅವರ ಕಣ್ಣಿಗೇ ಕಣ್ಣು ಕೊಟ್ಟುಬಿಟ್ಟೆ.

ಬ್ರಹ್ಮಾವರದಲ್ಲಿ ನಡೆದ ತರಬೇತಿಯಲ್ಲಿ ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ಪಾಠ ಮಾಡಿದಳು. ಮೌಸ್ ಹಿಡಿದ ನನ್ನ ಕೈ ನೋಡಿ, "ಟೀಚರ್, ಅದು ಓಡಿಹೋಗುವುದಿಲ್ಲ, ಸ್ವಲ್ಪ ಸಡಿಲ ಹಿಡಿಯಿರಿ" ಎಂದಳು. ಅವಳು ಹೇಳಿದ್ದರಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಎರಡು ಸಂಗತಿ. ಒಂದು, ಯಂತ್ರ ಹೇಳಿದ್ದನ್ನು ಮಾಡುತ್ತದೆ, ಹೇಳದೇ ಇದ್ದದ್ದನ್ನು ಮಾಡುವುದಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ಅಂಥ ಶಿಷ್ಯ ನನಗೆ ಸಿಕ್ಕಿರಲೇ ಇಲ್ಲ. ಎರಡನೆಯದು, ಪ್ರೋಗ್ರಾಮಿನಲ್ಲಿ ತಪ್ಪಾದರೆ ಯಾರನ್ನೂ ಬಯ್ಯಬಾರದು. ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹುಡುಕಬೇಕು. ಒಂದು ಸಾಲಿನ ಮೇಲೆ ಸಂಶಯ ಬಂದರೆ ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡಬೇಕು. ತಪ್ಪು ಅಲ್ಲೇ ಇದ್ದರೆ ಅದು ಪ್ರತಿ ಸಲವೂ ತಪ್ಪಬೇಕು.

ಶಾಲೆಗೆ ಬಂದು ಮೊದಲು ಲ್ಯಾಪ್‌ಟಾಪ್ ಮುಟ್ಟದೆಯೇ ಪಾಠ ಶುರುಮಾಡಿದೆ. ಪ್ರಥಮ್ ಎಂಬ ಹುಡುಗನನ್ನು ಯಂತ್ರ ಮಾಡಿ ನಿಲ್ಲಿಸಿ, ನೀರುದೋಸೆ ಹೊಯ್ಯುವುದು ಹೇಗೆಂದು ಅವನಿಗೆ ಒಂದೊಂದೇ ಸಾಲಿನಲ್ಲಿ ಹೇಳಿ ಎಂದೆ. ಮಕ್ಕಳು ಉತ್ಸಾಹದಿಂದ ಹೇಳಿದರು. ಕಾವಲಿ ಇಡು, ಹಿಟ್ಟು ಹೊಯ್ಯಿ, ಮುಚ್ಚು, ತೆಗಿ. ಪ್ರಥಮ್ ಎಲ್ಲ ಮಾಡಿದ. ದೋಸೆ ಆಗಲಿಲ್ಲ, ಯಾಕೆಂದರೆ ಒಲೆ ಉರಿಸು ಎಂದು ಯಾರೂ ಹೇಳಿರಲಿಲ್ಲ. ಅಕ್ಕಿ ನೆನೆಹಾಕುವುದನ್ನೂ ಹೇಳಿರಲಿಲ್ಲ. "ಮತ್ತೆ ಅದೆಲ್ಲ ಯಾರ್ ಮಾಡುದ್?" ಎಂದು ಕೇಳಿದೆ. "ಅದ್ ಅಮ್ಮ ಮಾಡಿರ್ತ್ರ್ ಅಲ್ದಾ ಟೀಚರ್" ಎಂದು ಒಬ್ಬಳು ಹೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ. ಮಕ್ಕಳು ಏಳುವ ಮೊದಲೇ ಮನೆಯಲ್ಲಿ ಮುಗಿದುಹೋಗಿರುವ ಕೆಲಸ ಯಾವ ಪಟ್ಟಿಗೂ ಬರುವುದಿಲ್ಲ ಎಂದು ಆಮೇಲೆ ಚಪಾತಿ ಒತ್ತುವಾಗ ನೆನಪಾಗಿ ಸ್ವಲ್ಪ ಬೇಜಾರಾಯಿತು.

ಆ ತರಗತಿಯಲ್ಲಿ ಅನ್ವಿತಾ ಎಂಬ ಹುಡುಗಿ ಇದ್ದಳು. ಆ ವರ್ಷವೇ ಹಾಲಾಡಿಯ ಕಡೆಯ ಶಾಲೆಯಿಂದ ನಮ್ಮಲ್ಲಿಗೆ ಬಂದು ಸೇರಿದವಳು. ಅವಳ ಅಪ್ಪ ಪಿಕಪ್ ಗಾಡಿ ಓಡಿಸುತ್ತಿದ್ದನಂತೆ. ಒಂದು ಬೆಳಿಗ್ಗೆ ಹಾಲಾಡಿ ಪೇಟೆಯಲ್ಲಿ ಚಾ ಕುಡಿಯಲು ಕೂತವನು ಏಳಲಿಲ್ಲ. ಹೃದಯ ನಿಂತಿತ್ತು. ಅದಾದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಶಾಲೆಯ ಹತ್ತಿರದ ತವರು ಮನೆಗೆ ಬಂದು, ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಇಷ್ಟು ನಮಗೆಲ್ಲ ಗೊತ್ತಿತ್ತು.

ಅನ್ವಿತಾಳಿಗೆ ಒಂದು ಅಭ್ಯಾಸ. ಅವಳು ಯಾರನ್ನೂ ಹಿಂದಿನಿಂದ ಕರೆಯುತ್ತಿರಲಿಲ್ಲ. ನಾನು ಕಾರಿಡಾರಿನಲ್ಲಿ ಹೋಗುತ್ತಿದ್ದರೆ, ಬೇರೆ ಮಕ್ಕಳು ಅಲ್ಲಿಂದಲೇ "ಟೀಚರೇ" ಎಂದು ಕೂಗುತ್ತಾರೆ. ಇವಳು ಅಂಗಳಕ್ಕೆ ಇಳಿದು, ಸುತ್ತು ಹಾಕಿ ಓಡಿ ಬಂದು, ನನ್ನ ಎದುರಿಗೆ ನಿಂತು, ಉಸಿರು ಬಿಟ್ಟು, ಆಮೇಲೆ ಮಾತಾಡುತ್ತಿದ್ದಳು. ನನಗೆ ಬಹಳ ಮೆಚ್ಚಿಗೆಯಾಗಿತ್ತು. "ದೊಡ್ಡೋರ ಹತ್ರ ಹ್ಯಾಂಗೆ ಮಾತಾಡ್ಕ್ ಅಂತ ಅನ್ವಿತಾನ ಕಂಡ್ ಕಲೀನಿ" ಎಂದು ಕ್ಲಾಸಿನಲ್ಲಿ ಹೇಳಿಯೂ ಇದ್ದೆ. ಆಗ ಅವಳು ತಲೆ ತಗ್ಗಿಸಿದ್ದನ್ನು ನಾಚಿಕೆ ಎಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಲ್ಯಾಪ್‌ಟಾಪಿನ ಪಾಠ ಶುರುವಾಯಿತು. ತೆರೆಯ ಮೇಲೆ ಒಂದು ಬೆಕ್ಕು ಇರುತ್ತದೆ. ಪಕ್ಕದಲ್ಲಿ ಬಣ್ಣ ಬಣ್ಣದ ತುಂಡುಗಳು. ಒಂದೊಂದು ತುಂಡೂ ಒಂದೊಂದು ಅಪ್ಪಣೆ. ನಡೆ, ತಿರುಗು, ಕೂರು, ಮಾತಾಡು. ಅವುಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಬೆಕ್ಕು ಹಾಗೇ ಮಾಡುತ್ತದೆ. ಅವತ್ತು ನಾನು ಎರಡು ಹೊಸ ತುಂಡು ಕಲಿಸಿದೆ. ಒಂದು "ಹೀಗಾದರೆ ಹೀಗೆ ಮಾಡು", ಇನ್ನೊಂದು "ಮತ್ತೆ ಮತ್ತೆ ಮಾಡು". ಬೆಕ್ಕು ಮನೆಯಿಂದ ಹೊರಟು ಶಾಲೆ ಮುಟ್ಟಬೇಕು, ಇದು ಲೆಕ್ಕ. ದಾರಿಯಲ್ಲಿ ಮಳೆ ಬಂದರೆ ಕೊಡೆ ಬಿಡಿಸಬೇಕು, ನಾಯಿ ಬಂದರೆ ನಿಲ್ಲಬೇಕು, ಹೀಗೆ ಏನಾದರೂ ಹಾಕಿ ಎಂದಿದ್ದೆ.

"ಟೀಚರ್, ಹೊರ್ಟಾಗ ಅಜ್ಜಿ ಕರ್ದ್ರೆ?" ಎಂದ ಪ್ರಥಮ್.

"ನಿಮ್ಮನೆಲಿ ನೀನ್ ಎಂತ ಮಾಡ್ತೆ?"

"ಕೂಕಂಡ್ ನೀರ್ ಕುಡಿತೆ."

"ಹಂಗಾರೆ ನಿನ್ನ ಬೆಕ್ಕೂ ಕುಡೀಲಿ" ಎಂದೆ. ಅಷ್ಟು ಸಾಕಾಯಿತು. ಕೊಡೆಯನ್ನೂ ನಾಯಿಯನ್ನೂ ಎಲ್ಲರೂ ಮರೆತರು. ಇಡೀ ತರಗತಿಯ ಬೆಕ್ಕುಗಳಿಗೆ ಅಜ್ಜಿಯಂದಿರು ಹುಟ್ಟಿಕೊಂಡರು. ಬೆಕ್ಕು ಹೊರಡುತ್ತದೆ, ಅಜ್ಜಿ ಕರೆಯುತ್ತಾಳೆ, ಬೆಕ್ಕು ಬಂದು ಕೂತು ನೀರು ಕುಡಿಯುತ್ತದೆ, ಹೊರಡುತ್ತದೆ, ಅಜ್ಜಿ ಪುನಃ ಕರೆಯುತ್ತಾಳೆ. ಅಜ್ಜಿ ಕರೆಯುವ ಸಾಲನ್ನು ಎಲ್ಲರೂ "ಮತ್ತೆ ಮತ್ತೆ" ಎಂಬ ತುಂಡಿನ ಒಳಗೇ ಇಟ್ಟಿದ್ದರು. ಒಂದು ಬೆಕ್ಕೂ ಶಾಲೆ ಮುಟ್ಟಲಿಲ್ಲ. "ನಂದ್ ಬೆಕ್ಕ್ ಹೊಟ್ಟಿ ಒಡಿತ್ ಟೀಚರ್, ನೀರ್ ಕುಡ್ದ್ ಕುಡ್ದ್" ಎಂದು ಹಿಂದಿನ ಸಾಲಿನಿಂದ ದೂರು ಬಂತು. ನನಗೆ ಅಪ್ಪಯ್ಯನ ನೆನಪಾಗಿ ನಗು ತಡೆಯಲಿಲ್ಲ. ತಪ್ಪು ಎಲ್ಲಿದೆ ಹುಡುಕಿ ಎಂದೆ. ಒಬ್ಬೊಬ್ಬರೇ ಹುಡುಕಿ ಆ ಸಾಲನ್ನು ಹೊರಗೆ ತಂದರು. ಬೆಕ್ಕುಗಳು ಒಂದು ಸಲ ಕೂತು, ನೀರು ಕುಡಿದು, ಶಾಲೆಗೆ ಹೋದವು.

ಅನ್ವಿತಾಳ ಬೆಕ್ಕು ಮಾತ್ರ ಇನ್ನೂ ಕೂರುತ್ತಲೇ ಇತ್ತು.

"ನಿಂದ್ ಎಂತಕ್ಕೆ ಸರಿ ಮಾಡ್ಲಿಲ್ಲೆ ಹೆಣೆ?" ಎಂದೆ.

"ಇದ್ ಸರಿ ಇತ್ತ್ ಟೀಚರ್."

"ಬೆಕ್ಕ್ ಶಾಲಿಗೆ ಹೋಯ್ಲೇ ಇಲ್ಲೆ ಅಲ್ದಾ?"

"ಹೋಪುದ್ ಬ್ಯಾಡ."

ಅಷ್ಟರಲ್ಲಿ ಊಟದ ಬೆಲ್ಲಾಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ಅವಳು ಏಳಲಿಲ್ಲ, ನಾನೂ ಹತ್ತಿರ ಕೂತೆ. ತೆರೆಯಲ್ಲಿ ಬೆಕ್ಕು ಬಾಗಿಲಿಗೆ ಹೋಗುವುದು, ಬರುವುದು ನಡೆದೇ ಇತ್ತು. ಅದನ್ನು ನೋಡುತ್ತಲೇ ಅವಳು ಹೇಳಿದಳು, "ನಾನ್ ಅಪ್ಪಯ್ಯನ ಕರ್ದಿದ್ದೆ. ಅವ್ರ್ ಒಳಗ್ ಬಂದ್ ಕೂಕಣ್ಲಿಲ್ಲೆ. ಕೈ ಆಡ್ಸಿ ಹೋದ್ರ್."

ಅಪ್ಪ ತೀರಿಹೋದ ದಿನ ಮನೆಯಲ್ಲಿ ಸೇರಿದ ನೆಂಟರಲ್ಲಿ ಯಾರೋ ಕೇಳಿದ್ದರಂತೆ, "ಹೊರ್ಡತಿಗೆ ಯಾರಾರೂ ಹಿಂದಿಂದ ಕರ್ದಿದ್ರಾ?" ಸಾವಿನ ಮನೆಯಲ್ಲಿ ಜನ ಹೀಗೆ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ತಡೆಯಲಾಗದೆ ಕೇಳುತ್ತಾರೆ. ಯಾರೂ ಉತ್ತರ ಕೊಟ್ಟಿರಲಿಲ್ಲ. ಉತ್ತರ ಗೊತ್ತಿದ್ದವಳು ಒಬ್ಬಳೇ, ಮೂಲೆಯಲ್ಲಿ ಅತ್ತೆಯ ಸೆರಗು ಹಿಡಿದು ನಿಂತಿದ್ದಳು. ಅಂದಿನಿಂದ ಅವಳು ಯಾರನ್ನೂ ಹಿಂದಿನಿಂದ ಕರೆದಿಲ್ಲ. ನಾನು ಕ್ಲಾಸಿನ ಎದುರು ಹೊಗಳಿದ್ದು ಇದನ್ನು.

"ಅದೆಲ್ಲ ಸುಳ್ಳ್ ಮಗಾ. ಕರ್ದ್ರೆ ಎಂತದೂ ಆತಿಲ್ಲೆ" ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಮತ್ತೆ ನೀವ್ ಎಂತಕ್ಕೆ ಕೂಕಂತ್ರಿ?"

ಅದರ ಹಿಂದಿನ ವಾರ ಮೀಟಿಂಗಿಗೆ ಹೊರಟ ನನ್ನನ್ನು ಹೆಡ್ ಮಾಸ್ಟರು ಗೇಟಿನ ಹತ್ತಿರ ಇರುವಾಗ ಕರೆದಿದ್ದರು. ನಾನು ಇದೇ ತರಗತಿಗೆ ವಾಪಸು ಬಂದು, ಕುರ್ಚಿಯಲ್ಲಿ ಕೂತು, ಮಕ್ಕಳ ಬಾಟಲಿಯಿಂದ ನೀರು ಕೇಳಿ ಕುಡಿದು ಹೋಗಿದ್ದೆ. ಎಲ್ಲರೂ ನೋಡಿದ್ದರು. "ಊಟಕ್ಕೆ ಹೋಪ, ಬಾ" ಎಂದೆ.

ಆ ದಿನ ಮನೆಗೆ ಬಂದರೂ ಕೆಲಸ ಕೈಗೆ ಹತ್ತಲಿಲ್ಲ. ಎಷ್ಟು ಯೋಚಿಸಿದರೂ ಒಂದೇ ಕಡೆ ಬಂದು ನಿಲ್ಲುತ್ತಿದ್ದೆ. ಹತ್ತು ವರ್ಷದ ಮಗು ತನ್ನ ಅಪ್ಪನನ್ನು ತಾನೇ ಕೊಂದೆ ಎಂದುಕೊಂಡು ದಿನಾ ಶಾಲೆಗೆ ಬರುತ್ತಿದೆ, ಮಗ್ಗಿ ಹೇಳುತ್ತಿದೆ, ಊಟ ಮಾಡುತ್ತಿದೆ. ಅದು ಸುಳ್ಳು ಎಂದರೆ ನಂಬುವುದಿಲ್ಲ. ನಂಬಲು ನಾನು ಯಾವ ಕಾರಣವನ್ನೂ ಕೊಟ್ಟಿಲ್ಲ. "ಹೀಗಾದರೆ ಹೀಗೆ" ಎಂದು ಕಲಿಸಿದವಳೂ ನಾನೇ. ನನಗೆ ಅಳು ಬಂತು, ಮತ್ತೆ ನನ್ನ ಮೇಲೇ ಸಿಟ್ಟು ಬಂತು.

ಮರುದಿನ ಊಟದ ಹೊತ್ತಿನಲ್ಲಿ ಅವಳನ್ನು ಪುನಃ ಲ್ಯಾಪ್‌ಟಾಪಿನ ಎದುರು ಕೂರಿಸಿದೆ. ಬೆಕ್ಕು ಅಲ್ಲೇ ಇತ್ತು.

"ಒಂದ್ ಸಾಲಿನ ಮೇಲೆ ಸಂಶಯ ಬಂದ್ರೆ ಎಂತ ಮಾಡ್ಕ್ ಅಂತ ಕಲ್ಸಿದ್ದೆ?"

"ಮತ್ತೆ ಮತ್ತೆ ಓಡ್ಸಿ ಕಾಣ್ಕ್."

"ತಪ್ಪ್ ಅಲ್ಲೇ ಇದ್ರೆ?"

"ಎಲ್ಲಾ ಸರ್ತಿಯೂ ತಪ್ಪ್ ಬತ್ತ್."

ಮುಂದಿನ ಪ್ರಶ್ನೆಗೆ ಅವಳು ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಟೀಚರಾದವಳು ಉತ್ತರ ಗೊತ್ತಿಲ್ಲದೆ ಪ್ರಶ್ನೆ ಕೇಳಬಾರದು, ಅದರಲ್ಲೂ ಇಂಥದ್ದನ್ನು. ಆದರೂ ಕೇಳಿದೆ. "ಅಪ್ಪಯ್ಯನ ನೀನ್ ಹಿಂದಿಂದ ಕರ್ದದ್ದ್ ಅದೊಂದೇ ದಿನವಾ?"

"ಅಲ್ಲ. ದಿನಾ ಕರಿತಿದ್ದೆ."

"ಎಂತಕ್ಕೆ?"

"ಬಣ್ಣದ ಪೆನ್ಸಿಲ್ ತನ್ನಿ ಅಂತ. ಬನ್ಸ್ ತನ್ನಿ ಅಂತ. ಒಂದೊಂದ್ ದಿನ ಸುಮ್ನೆ."

"ಅವ್ರ್ ದಿನಾ ಒಳಗ್ ಬಂದ್ ಕೂಕಂತಿದ್ರಾ?"

"ಇಲ್ಲೆ. ದಿನಾ ಕೈ ಆಡ್ಸಿ ಹೋತಿದ್ರ್."

"ಮತ್ತೆ?"

"ಸಂಜಿಗೆ ಬತ್ತಿದ್ರ್."

ಅವಳು ಹೇಳಿ ಮುಗಿಸಿದಳು. ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು. ಅವಳ ಕಣ್ಣು ಬೆಕ್ಕಿನ ಮೇಲಿತ್ತು, ಆದರೆ ಅವಳು ಬೆಕ್ಕನ್ನು ನೋಡುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕೇಳಿದಳು, "ಹಂಗಾರೆ ಯಾವ ಸಾಲ್ ತಪ್ಪ್ ಟೀಚರ್?"

"ನಂಗೆ ಗೊತ್ತಿಲ್ಲೆ ಮಗಾ. ಆದ್ರೆ ನಿಂದಲ್ಲ."

ಆಗ ಅತ್ತಳು. ಅಪ್ಪ ಹೋದಾಗಲೂ ಅತ್ತಿರಲಿಲ್ಲ ಎಂದು ಅವಳ ಅಮ್ಮ ಆಮೇಲೆ ಹೇಳಿದಳು. ನನ್ನ ಸೀರೆಯ ನೆರಿಗೆಯಲ್ಲಿ ಮುಖ ಇಟ್ಟು, ಊಟದ ಬಿಡುವು ಮುಗಿಯುವ ತನಕ ಅತ್ತಳು. ಪ್ರಥಮ್ ಬಾಗಿಲಲ್ಲಿ ಬಂದು ಇಣುಕಿ, ಏನೂ ಕೇಳದೆ ಬಾಗಿಲು ಎಳೆದುಕೊಂಡು ಹೋದ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಪ್ರೀತಿ.

ಅವಳ ಅಮ್ಮನನ್ನು ಸಂಜೆ ಬರಹೇಳಿ ವಿಷಯ ತಿಳಿಸಿದೆ. ಫ್ಯಾಕ್ಟರಿಯಿಂದ ನೇರ ಬಂದಿದ್ದಳು, ಬೆರಳಿನ ತುದಿಗಳಲ್ಲಿ ಗೇರುಬೀಜದ ಕಪ್ಪು. "ನನ್ನ ಹತ್ರ ಒಂದ್ ಮಾತ್ ಹೇಳ್ಲಿಲ್ಲೆ ಟೀಚರೇ ಅದ್" ಎಂದಳು. "ಇಲ್ಲಿಗ್ ಬಂದ್ ಮೇಲೆ ಹಿಂದಿಂದ ಒಂದ್ ಸರ್ತಿ 'ಅಮ್ಮಾ' ಅಂದದ್ದಿಲ್ಲೆ. ಶಾಲಿ ಬದ್ಲಾದ್ದಕ್ಕೆ ಬೇಜಾರ್ ಅಂತ ಮಾಡಿದ್ದೆ." ಇಬ್ಬರೂ ಶಾಲೆಯ ಜಗಲಿಯಲ್ಲಿ ಕೂತೆವು. ಅವಳಿಗೆ ಕುಡಿಯಲು ನೀರು ತಂದುಕೊಟ್ಟೆ.

ಅಷ್ಟರಿಂದಲೇ ಎಲ್ಲ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಅನ್ವಿತಾ ಮುಂಚಿನಂತೆಯೇ ಅಂಗಳ ಸುತ್ತಿ ಬಂದು ಎದುರಿಗೆ ನಿಂತೇ ಮಾತಾಡುತ್ತಿದ್ದಳು. ಅವಳ ಬೆಕ್ಕು ಒಂದು ದಿನ ಶಾಲೆಗೆ ಹೋಯಿತು, ಮರುದಿನ ಪುನಃ ಮನೆಯಲ್ಲೇ ಉಳಿಯಿತು. ನಾನು ಕೇಳಲು ಹೋಗಲಿಲ್ಲ. ತಲೆಗೆ ಗೊತ್ತಾದದ್ದು ಕಾಲಿಗೆ ಗೊತ್ತಾಗಲು ಹೊತ್ತು ಬೇಕು. ನನಗೇ ಇನ್ನೂ ಗೊತ್ತಾಗಿರಲಿಲ್ಲ.

ವರ್ಷದ ಕೊನೆಯ ಹೊತ್ತಿಗೆ, ಒಂದು ಸಂಜೆ ಶಾಲೆ ಬಿಟ್ಟು ಬಸ್ ಸ್ಟಾಪಿಗೆ ಹೊರಟಿದ್ದೆ. ಗೇಟು ದಾಟಿ ರಸ್ತೆಗೆ ಇಳಿದಿದ್ದೇನೆ, ಹಿಂದಿನಿಂದ ಒಂದು ದನಿ ಬಂತು.

"ಟೀಚರೇ..."

ಸಣ್ಣ ದನಿ. ಬೇರೆಯವರಿಗೆ ಕೇಳಿಸುತ್ತಿತ್ತೋ ಇಲ್ಲವೋ. ತಿರುಗಿದೆ. ಅನ್ವಿತಾ ಗೇಟಿನ ಒಳಗೆ, ಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಓಡಿ ಬಂದಿರಲಿಲ್ಲ. ಎದುರಿಗೆ ಬಂದು ನಿಂತಿರಲಿಲ್ಲ.

"ಎಂತ ಮಗಾ?"

"ಎಂತ ಇಲ್ಲೆ. ಸುಮ್ನೆ."

ನನ್ನ ಕಾಲುಗಳು ಶಾಲೆಯ ಕಡೆಗೆ ತಿರುಗಿದ್ದವು. ಅಪ್ಪಯ್ಯ, ಜಗಲಿ, ಚೆಂಬು, ಕಾಯುವ ಬಸ್ಸು ಎಲ್ಲವೂ ನನ್ನನ್ನು ಒಳಗೆ ಎಳೆಯುತ್ತಿದ್ದವು. ಒಂದು ಗುಟುಕು ನೀರು ಕುಡಿದರೆ ಏನು ನಷ್ಟ ಎಂದೂ ಅನಿಸಿತು. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಾನು ಕೈ ಎತ್ತಿ ಆಡಿಸಿದೆ. "ನಾಳೆ ಬತ್ತೆ" ಎಂದೆ. ಬೆನ್ನು ತಿರುಗಿಸಿ ನಡೆದೆ.

ಆ ಸಂಜೆ ನಾನು ಬದುಕಿದ್ದು ಬಹಳ ಜಾಗ್ರತೆಯಿಂದ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಪುನಃ ನೋಡಿ ದಾಟಿದೆ. ಬಸ್ಸಿನಲ್ಲಿ ಕಂಬಿ ಬಿಡಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡಿದೆ. ನನ್ನ ಜೀವ ಅಷ್ಟು ಬೆಲೆಯದ್ದು ಎಂದು ನನಗೆ ಮುಂಚೆ ಯಾವತ್ತೂ ಅನಿಸಿರಲಿಲ್ಲ.

ಬೆಳಿಗ್ಗೆ ಎದ್ದಾಗ ಮೈ ಕೆಂಡ. ಗಂಟಲು ಕಟ್ಟಿತ್ತು, ತಲೆ ಎತ್ತಲು ಆಗುತ್ತಿರಲಿಲ್ಲ. ಸಾಮಾನ್ಯವಾಗಿ ನಾನು ಒಂದು ಸೀನು ಬಂದರೂ ರಜೆಯ ಆಲೋಚನೆ ಮಾಡುವವಳು. ಯಜಮಾನರು ಗಂಜಿ ತಂದಿಟ್ಟು, "ಇವತ್ತ್ ರಜೆ ಹಾಕ್" ಎಂದರು.

"ಆತಿಲ್ಲೆ. ಹೋಯ್ಕ್."

"ಎಂತ, ಶಾಲೆಲಿ ಅಷ್ಟ್ ದೊಡ್ಡ್ ಕೆಲ್ಸ?"

"ಹೌದ್" ಎಂದೆ.

ಮಾತ್ರೆ ನುಂಗಿ, ಸೆರಗು ಹೊದ್ದುಕೊಂಡು ಬಸ್ಸು ಹತ್ತಿದೆ. ಶಾಲೆಯ ಅಂಗಳದಲ್ಲಿ ಹೆಣ್ಣುಮಕ್ಕಳು ಗೀಟು ಎಳೆದು ಕುಂಟಾಟ ಆಡುತ್ತಿದ್ದರು. ಅನ್ವಿತಾ ಆಡುತ್ತಿರಲಿಲ್ಲ. ಗೇಟಿನ ಕಡೆಗೆ ಮುಖ ಮಾಡಿ ಒಂದು ಬದಿಗೆ ನಿಂತಿದ್ದಳು. ನಾನು ಒಳಗೆ ಬಂದೆ. ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. ಓಡಿ ಬರಲಿಲ್ಲ, ನಗಲೂ ಇಲ್ಲ. ತಿರುಗಿ, ಒಂದು ಕಾಲು ಮಡಚಿ, ಮೊದಲ ಗೀಟು ಹಾರಿದಳು.